ಮೋದಕದ ಅಚ್ಚಿನಲ್ಲಿ ಕ್ರೇಯಾನ್

ಜೂನ್ ಮಧ್ಯದಲ್ಲಿ ಮುಂಬಯಿಯಲ್ಲಿ ಶಾಲೆಯೂ ಶುರು, ಮಳೆಯೂ ಶುರು. ಶಾಲೆಯವರು ಕೊಡುವ ಸಾಮಾನಿನ ಪಟ್ಟಿಯಲ್ಲಿ ಪ್ರತಿ ವರ್ಷ ಹೊಸ ಬಣ್ಣದ ಡಬ್ಬಿ ಇದ್ದೇ ಇರುತ್ತದೆ. ಹಳೆಯದು ಖಾಲಿಯಾಗಿರುವುದಿಲ್ಲ. ಹಸಿರು, ನೀಲಿ ಮಾತ್ರ ಮುಗಿದಿರುತ್ತವೆ. ಮರ, ಆಕಾಶ, ಸಮುದ್ರ, ಮಕ್ಕಳು ಜಾಸ್ತಿ ಬಿಡಿಸುವುದು ಇವನ್ನೇ ಅಲ್ವಾ? ಉಳಿಯುವುದು ಬಿಳಿ, ಕಂದು, ಮತ್ತೆ ಮಕ್ಕಳು ಸ್ಕಿನ್ ಕಲರ್ ಅಂತ ಕರೆಯುವ ಆ ನಸುಗೆಂಪು. ನಮ್ಮ ಬಿಲ್ಡಿಂಗಿನಲ್ಲಿ ಆ ಬಣ್ಣದ ಚರ್ಮ ಯಾರಿಗೂ ಇಲ್ಲ. ಆದರೂ ಡಬ್ಬಿ ಡಬ್ಬಿಯಲ್ಲೂ ಅದೊಂದು ಮುಟ್ಟದೆ ಉಳಿದಿರುತ್ತದೆ.

ನಾವಿರುವುದು ಚೆಂಬೂರಿನಲ್ಲಿ. ಇಲ್ಲಿನ ಫ್ಲಾಟಿನಲ್ಲಿ ಹಳೆ ಸಾಮಾನು ಇಡಲು ಅಟ್ಟ ಅಂತ ಇರುವುದಿಲ್ಲ, ಮಂಚದ ಕೆಳಗಿನ ಪೆಟ್ಟಿಯೇ ನಮ್ಮ ಅಟ್ಟ. ಅದರಲ್ಲಿ ನನ್ನ ಮಗಳ ಬಾಲವಾಡಿಯಿಂದ ಹಿಡಿದು ಮೂರನೇ ಕ್ಲಾಸಿನವರೆಗಿನ ಬಣ್ಣಗಳೆಲ್ಲ ಸೇರಿಕೊಂಡಿದ್ದವು. ರದ್ದಿಯವನು ಪೇಪರ್ ಒಯ್ಯುತ್ತಾನೆ, ಬಾಟಲಿ ಒಯ್ಯುತ್ತಾನೆ, ಕ್ರೇಯಾನ್ ತುಂಡು ತೋರಿಸಿದರೆ ನಗುತ್ತಾನೆ. ಕಸದ ಬುಟ್ಟಿಗೆ ಹಾಕಿದರೆ ಅದು ಎಲ್ಲಿಗೆ ಹೋಗುತ್ತದೆ ಅಂತ ಚೆಂಬೂರಿನವರಿಗೆ ಬೇರೆ ಹೇಳಬೇಕಿಲ್ಲ. ದೇವನಾರ್‌ ಪಕ್ಕದಲ್ಲೇ ಇದೆ. 1927ರಿಂದ ಈ ಊರಿನ ಕಸ ಸುರಿಯುತ್ತಾ ಬಂದ ಜಾಗ ಅದು. 2016ರ ಜನವರಿಯಲ್ಲಿ ಅಲ್ಲಿ ಬೆಂಕಿ ಬಿದ್ದಾಗ ಎಷ್ಟು ಹೊಗೆ ಎದ್ದಿತ್ತು ಅಂದರೆ ಸುತ್ತಲಿನ ಶಾಲೆಗಳಿಗೆ ರಜೆ ಕೊಟ್ಟಿದ್ದರು.

ಭಾನುವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಬಿಲ್ಡಿಂಗಿನ ಕನ್ನಡದ ಮಕ್ಕಳು ಸೇರುತ್ತಾರೆ. ಅಕ್ಷರ, ಕಾಗುಣಿತ, ಒಂದೆರಡು ಹಾಡು, ಅಷ್ಟೇ. ಮಳೆ ಹಿಡಿದರೆ ಪಾಠ ಮುಗಿದ ಮೇಲೂ ಯಾರೂ ಮನೆಗೆ ಹೋಗುವುದಿಲ್ಲ. ಕೆಳಗೆ ಆಡುವ ಹಾಗಿಲ್ಲ, ಪಾರ್ಕಿಂಗ್ ತುಂಬಾ ನೀರು. ಅಂಥ ಒಂದು ಭಾನುವಾರಕ್ಕೆ ಮೊದಲೇ ಹೇಳಿಟ್ಟೆ: ಮುಂದಿನ ವಾರ ಬರುವಾಗ ನಿಮ್ಮ ಮನೆಯ ಹಳೆ ಬಣ್ಣಗಳನ್ನೆಲ್ಲ ಹಿಡಿದುಕೊಂಡು ಬನ್ನಿ, ಮುರಿದದ್ದು, ಒಣಗಿದ್ದು, ಎಲ್ಲ.

ಏನು ಮಾಡಬೇಕು ಅನ್ನುವುದಕ್ಕಿಂತ ಏನು ಮಾಡಬಾರದು ಅನ್ನುವುದು ನನಗೆ ಮೊದಲು ಸ್ಪಷ್ಟವಾಗಿತ್ತು. ಹಳೆ ಬಣ್ಣದಿಂದ ಏನು ಮಾಡಬಹುದು ಅಂತ ಹುಡುಕಿದರೆ ಸಿಗುವ ವಿಡಿಯೋಗಳನ್ನು ನೋಡಿದ್ದೇನೆ. ಕ್ರೇಯಾನುಗಳನ್ನು ಕ್ಯಾನ್ವಾಸಿಗೆ ಸಾಲಾಗಿ ಅಂಟಿಸಿ, ಹೇರ್ ಡ್ರೈಯರ್ ಹಿಡಿದು, ಬಣ್ಣ ಸೋರಿ ಇಳಿಯುವ ಹಾಗೆ ಮಾಡುತ್ತಾರೆ. ಚೆಂದ ಕಾಣುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಅದಕ್ಕೆ ಬಳಸುವ ಕ್ರೇಯಾನ್ ಹೊಸದು, ಕ್ಯಾನ್ವಾಸ್ ಹೊಸದು, ಅಂಟೂ ಹೊಸದು. ಎರಡು ತಿಂಗಳು ಗೋಡೆಯ ಮೇಲೆ, ಆಮೇಲೆ ಅದೂ ಕಸ. ನಾನು ಹಾಕಿಕೊಂಡ ನಿಯಮ ಒಂದೇ: ಕೊನೆಗೆ ಬರುವ ವಸ್ತುವಿನಿಂದ ಮತ್ತೆ ಚಿತ್ರ ಬಿಡಿಸಲು ಆಗಬೇಕು.

ಮನೆಯ ಹಾಲ್‌ನಲ್ಲಿ ಹಳೆ ಚಾದರ ಹಾಸಿ ಎಲ್ಲವನ್ನೂ ಸುರಿದೆವು. ಮುರಿದ ಕ್ರೇಯಾನ್, ಆಯಿಲ್ ಪೇಸ್ಟಲ್, ಮುಚ್ಚಳ ಕಳೆದ ಸ್ಕೆಚ್ ಪೆನ್ನು, ಹೆಬ್ಬೆರಳಿನಷ್ಟು ಉಳಿದ ಬಣ್ಣದ ಪೆನ್ಸಿಲ್, ಪೋಸ್ಟರ್ ಕಲರ್ ಬಾಟಲಿ, ಕಲ್ಲಾದ ಬ್ರಷ್ಷು. ಪೋಸ್ಟರ್ ಕಲರ್ ನಮ್ಮ ಕಡೆ ಜಾಸ್ತಿ. ಮಹಾರಾಷ್ಟ್ರದಲ್ಲಿ ಸರಕಾರದ ಕಲಾ ಸಂಚಾಲನಾಲಯ ಎಲಿಮೆಂಟರಿ, ಇಂಟರ್‌ಮೀಡಿಯೆಟ್ ಅಂತ ಎರಡು ಡ್ರಾಯಿಂಗ್ ಪರೀಕ್ಷೆ ನಡೆಸುತ್ತದೆ. ಹೈಸ್ಕೂಲು ಮಕ್ಕಳು ಗುಂಪುಗುಂಪಾಗಿ ಕೂರುತ್ತಾರೆ. ಪರೀಕ್ಷೆ ಮುಗಿದ ಮನೆಯಲ್ಲಿ ಅರ್ಧ ಉಳಿದ ಬಾಟಲಿಗಳು ಇರುವುದು ಗ್ಯಾರಂಟಿ.

ನನ್ನ ಅತ್ತೆ ಕುಂದಾಪುರದವರು. ಅಡುಗೆ ಮನೆಯ ಬಾಗಿಲಲ್ಲಿ ನಿಂತು ಒಮ್ಮೆ ಎಲ್ಲ ನೋಡಿ, "ಎಂತ ಮಾರಾಯ್ತಿ, ಗುಜರಿ ಅಂಗಡಿ ಹಾಕಿದ್ಯಾ?" ಅಂದರು.

ಮಕ್ಕಳಿಗೆ ಬಣ್ಣದ ಪ್ರಕಾರ ವಿಂಗಡಿಸುವ ಅವಸರ. ನಾನು ಬಿಡಲಿಲ್ಲ. ಕೆಂಪು ಸ್ಕೆಚ್ ಪೆನ್ನೂ ಕೆಂಪು ಕ್ರೇಯಾನೂ ಒಂದೇ ಜಾತಿ ಅಲ್ಲ. ಯಾವುದು ಬಿಸಿಗೆ ಕರಗುತ್ತದೆ, ಯಾವುದು ನೀರಿಗೆ ಕರಗುತ್ತದೆ, ಯಾವುದು ಎಣ್ಣೆಗೆ, ಯಾವುದು ಯಾವುದಕ್ಕೂ ಜಗ್ಗುವುದಿಲ್ಲ, ಹೀಗೆ ರಾಶಿ ಮಾಡಿ ಅಂದೆ. ಇಡೀ ಕೆಲಸದಲ್ಲಿ ಮುಖ್ಯವಾದ ಭಾಗ ಇದೇ. ಇದು ಸರಿಯಾದರೆ ಮಿಕ್ಕದ್ದು ತಾನಾಗಿ ಆಗುತ್ತದೆ.

ನಮ್ಮಲ್ಲಿ ಕಡ್ಡಿಯ ಆಕಾರದಲ್ಲಿ ಸಿಗುವ ಬಣ್ಣ ಮೂರು ತರಹದ್ದು. ಡಬ್ಬಿ ಇಲ್ಲದೆ ಬರೇ ತುಂಡು ಕೈಗೆ ಬಂದರೆ ಗುರುತಿಸುವುದು ಹೇಗೆ? ಉಗುರಿನಿಂದ ಗೀರಬೇಕು. ಮೇಣದ ಕ್ರೇಯಾನ್ ಆದರೆ ಪುಡಿ ಎದ್ದು ಉಗುರಿನೊಳಗೆ ಕೂರುತ್ತದೆ. ಆಯಿಲ್ ಪೇಸ್ಟಲ್ ಆದರೆ ಗೀರುವ ಮೊದಲೇ ಬೆರಳಿಗೆ ಬಣ್ಣ ಹತ್ತಿರುತ್ತದೆ. ಪ್ಲಾಸ್ಟಿಕ್ ಕ್ರೇಯಾನ್ ಆದರೆ ಉಗುರು ಜಾರುತ್ತದೆ. ಮೇಲಿನ ಮನೆಯ ಆರನೇ ಕ್ಲಾಸಿನ ಹುಡುಗ ಇನ್ನೊಂದು ಗುರುತು ಹೇಳಿದ: "ಆಂಟಿ, ಪ್ಲಾಸ್ಟಿಕ್‌ದು ರಬ್ಬರಿಗೆ ಅಳಿಸುತ್ತೆ, ಶಾರ್ಪನರಿಗೂ ಹೋಗುತ್ತೆ." ಸರಿಯಾದ ಮಾತು. ಅವನನ್ನೇ ಆ ರಾಶಿಗೆ ಯಜಮಾನ ಮಾಡಿದೆ.

ಪೋಸ್ಟರ್ ಕಲರ್ ಮೂಸಿ ನೋಡುವ ಕೆಲಸ ಮಾತ್ರ ನನ್ನದು. ಅದರಲ್ಲಿ ಬಣ್ಣವನ್ನು ಹಿಡಿದಿಡುವುದು ಗೋಂದು. ಹಾಗಾಗಿ ಕಲ್ಲಾದರೂ ನೀರು ಹಾಕಿ ಒಂದು ರಾತ್ರಿ ಬಿಟ್ಟರೆ ಮತ್ತೆ ಮೆತ್ತಗಾಗುತ್ತದೆ. ಆದರೆ ಮುಂಬಯಿಯ ಮಳೆಗಾಲದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ, ಗೋಂದಿಗೆ ಬರದೆ ಇರುತ್ತದೆಯೇ? ಮುಚ್ಚಳ ತೆಗೆದ ಕೂಡಲೇ ಕೆಟ್ಟ ವಾಸನೆ ಬಂದದ್ದನ್ನು, ಮೇಲೆ ಬಿಳಿ ಬೂಷ್ಟು ಕಂಡದ್ದನ್ನು ಹಿಂದೆ ಮುಂದೆ ನೋಡದೆ ಎಸೆದೆ. ಅಕ್ರಿಲಿಕ್ ಕಥೆ ಬೇರೆ. ಒಣಗಿದ ಮೇಲೆ ಅದು ಪ್ಲಾಸ್ಟಿಕ್ ಪೊರೆ, ನೀರಿಗೆ ಹಿಂದಿರುಗುವುದಿಲ್ಲ. ಕಲ್ಲಾದ ಬ್ರಷ್ಷುಗಳೆಲ್ಲ ಅದರ ಕೈಗೆ ಸಿಕ್ಕವೇ.

ಇನ್ನು ಕ್ರೇಯಾನ್. ತುಂಡುಗಳ ಮೇಲಿನ ಪೇಪರ್ ಬಿಡಿಸುವುದು ಬೇಜಾರಿನ ಕೆಲಸ. ಉಗುರುಬಿಸಿ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಹಾಕಿದರೆ ಅಂಟು ಸಡಿಲವಾಗಿ ಜಾರಿ ಬರುತ್ತದೆ. ಆಮೇಲೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ಒಣಗಿಸಲೇಬೇಕು, ಬಿಸಿ ಮೇಣಕ್ಕೆ ನೀರಿನ ಹನಿ ಬಿದ್ದರೆ ಸಿಡಿಯಬಹುದು. ಎರಡನೇ ಕ್ಲಾಸಿನ ಅಕ್ಕ, ಬಾಲವಾಡಿಯ ತಂಗಿ ಇಬ್ಬರೂ ಕೂತು ಇದನ್ನು ಮಾಡಿದರು. ಪೇಪರ್ ಇಲ್ಲದ ಕ್ರೇಯಾನನ್ನು ತಂಗಿ "ಅಂಗಿ ಇಲ್ಲದ್ದು" ಅಂತ ಕರೆದಳು. ಅವತ್ತಿಡೀ ಎಲ್ಲರೂ ಹಾಗೇ ಕರೆದರು.

ಅಚ್ಚು ಯಾವುದು? ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋದರೆ ಚಾಕಲೇಟಿನ ಸಿಲಿಕೋನ್ ಅಚ್ಚು ಬೇಕಾದಷ್ಟು ಸಿಗುತ್ತದೆ. ಆದರೆ ಹಳೆಯದನ್ನು ಉಳಿಸಲು ಹೊಸದು ಕೊಳ್ಳುವುದು ನನಗೆ ಒಗ್ಗಲಿಲ್ಲ. ಅತ್ತೆಯ ಹತ್ತಿರ ಮೋದಕದ ಒಂದು ಹಳೆ ಅಲ್ಯೂಮಿನಿಯಂ ಅಚ್ಚು ಇತ್ತು. ಎರಡು ಹೋಳು, ನಡುವೆ ಕೀಲು. ಕೀಲು ಸಡಿಲವಾಗಿ ಮುಚ್ಚಿದರೆ ಕೂರುತ್ತಿರಲಿಲ್ಲ. ಚೌತಿಗೆ ಉಪಯೋಗಕ್ಕೆ ಬರದು ಅಂತ ಪಕ್ಕಕ್ಕಿಟ್ಟಿದ್ದರು. ಕೇಳಿದೆ. "ಒಮ್ಮೆ ಅದಕ್ಕೆ ಬಣ್ಣ ಹಾಕಿದ ಮೇಲೆ ಅಡುಗೆ ಮನೆಗೆ ತರಬೇಡ" ಅಂತ ಷರತ್ತು ಹಾಕಿಯೇ ಕೊಟ್ಟರು. ಷರತ್ತು ನ್ಯಾಯವಾದದ್ದೇ. ಕ್ರೇಯಾನಿನ ಡಬ್ಬಿಯ ಮೇಲೆ ವಿಷವಿಲ್ಲ ಅಂತ ಬರೆದಿದ್ದರೂ ಅದು ತಿನ್ನುವ ವಸ್ತುವಲ್ಲ. ಆ ಪಾತ್ರೆ, ಆ ಅಚ್ಚು, ಆ ಚಮಚ ಮತ್ತೆ ಊಟಕ್ಕೆ ಬರಬಾರದು.

ಕರಗಿಸುವ ಕೆಲಸವನ್ನು ದೊಡ್ಡವರೇ ಮಾಡಬೇಕು, ಅದರಲ್ಲಿ ಎರಡು ಮಾತಿಲ್ಲ. ಮೇಣವನ್ನು ನೇರವಾಗಿ ಉರಿಯ ಮೇಲೆ ಇಡುವುದೂ ಬೇಡ. ಅದು ಅತಿಯಾಗಿ ಕಾದರೆ ಬೆಂಕಿ ಹಿಡಿಯುತ್ತದೆ, ಅಂಥ ಬೆಂಕಿಗೆ ನೀರು ಹಾಕಿದರೆ ಇನ್ನೂ ಜಾಸ್ತಿ ಭುಗಿಲೇಳುತ್ತದೆ. ಕ್ರೇಯಾನಿನ ಮೇಣ ಸುಮಾರು 50ರಿಂದ 65 ಡಿಗ್ರಿ ಸೆಲ್ಸಿಯಸ್ ಬಿಸಿಗೆಲ್ಲ ಕರಗಿಬಿಡುತ್ತದೆ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ. ಹಾಗಾಗಿ ಇಂಡಕ್ಷನ್ ಒಲೆಯ ಮೇಲೆ ಪಾತ್ರೆಯಲ್ಲಿ ನೀರಿಟ್ಟು, ಅದರೊಳಗೆ ಹಳೆ ಸ್ಟೀಲ್ ಲೋಟ ನಿಲ್ಲಿಸಿದೆ. ಲೋಟದ ಕೆಳಗೆ ಬಟ್ಟೆಯ ಚೂರು ಹಾಕಿದ್ದೆ, ಇಲ್ಲವಾದರೆ ನೀರು ಕುದಿಯುವಾಗ ಅದು ತಕತಕ ಕುಣಿಯುತ್ತದೆ. ಮಕ್ಕಳಿಗೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿ, ಇದನ್ನು ದಾಟುವ ಹಾಗಿಲ್ಲ ಅಂದೆ.

ಈ ಮೇಣ ಎಲ್ಲಿಂದ ಬರುತ್ತದೆ ಅಂತ ನನ್ನ ಮಗಳು ಕೇಳಿದಳು. ಜೇನುಗೂಡಿನಿಂದ ಅಂತ ಯಾರೋ ಅಂದರು. ಕ್ರೇಯಾನಿನ ಮೇಣ ಪ್ಯಾರಾಫಿನ್, ಕಚ್ಚಾ ತೈಲದಿಂದ ತೆಗೆಯುವುದು. ನಮ್ಮ ಟೆರೇಸಿನಿಂದ ಮಾಹುಲ್ ಕಡೆಯ ತೈಲ ಶುದ್ಧೀಕರಣದ ಚಿಮಣಿ ಕಾಣುತ್ತದೆ, ರಾತ್ರಿ ಅದರ ತುದಿಯಲ್ಲಿ ಬೆಂಕಿ ಉರಿಯುತ್ತಿರುತ್ತದೆ. ಅಂಥ ಕಡೆಯೇ ತೈಲದಿಂದ ಪೆಟ್ರೋಲು, ಡೀಸೆಲು, ಗ್ಯಾಸು ಬೇರೆ ಮಾಡುವುದು, ಮೇಣವೂ ಆ ಮನೆತನದ್ದೇ ಅಂದೆ. "ಅಂದ್ರೆ ನಾವು ಪೆಟ್ರೋಲಲ್ಲಿ ಡ್ರಾಯಿಂಗ್ ಮಾಡೋದಾ?" ಅಂತ ಆರನೇ ಕ್ಲಾಸಿನವನಿಗೆ ಭಾರಿ ಖುಷಿ.

ಎಲ್ಲಾ ಬಣ್ಣ ಒಟ್ಟಿಗೆ ಹಾಕಿ ಕಾಮನಬಿಲ್ಲು ಮಾಡೋಣ ಅಂತ ಒತ್ತಾಯ ಬಂತು. ಕರಗಿದ ಬಣ್ಣ ಕಾಮನಬಿಲ್ಲು ಆಗುವುದಿಲ್ಲ, ಕೆಸರು ಆಗುತ್ತದೆ. ಹಳದಿಯ ಜೊತೆ ಕಿತ್ತಳೆ, ನೀಲಿಯ ಚೂರುಗಳ ಜೊತೆ ಬಿಳಿ, ಹೀಗೆ ಹತ್ತಿರದ ಬಣ್ಣಗಳನ್ನೇ ಸೇರಿಸಿದೆವು. ಯಾರಿಗೂ ಬೇಡವಾಗಿದ್ದ ಕಂದು ಮತ್ತು ಸ್ಕಿನ್ ಕಲರ್ ಸೇರಿ ಹಾಲು ಜಾಸ್ತಿಯಾದ ಚಹಾದ ಬಣ್ಣ ಬಂತು. ಕೊನೆಗೆ ಮಕ್ಕಳು ಕಿತ್ತಾಡಿದ್ದು ಅದಕ್ಕೇ.

ಪ್ಲಾಸ್ಟಿಕ್ ರಾಶಿಯ ಯಜಮಾನ ತನ್ನದೂ ಒಂದು ತುಂಡು ಹಾಕಿ ನೋಡಬೇಕು ಅಂದ. ಹಾಕಿದೆವು. ಸುತ್ತಲಿನ ಮೇಣ ಪೂರ್ತಿ ಕರಗಿದರೂ ಅದು ಹಾಗೇ ಕಡ್ಡಿಯಾಗಿ ನಿಂತಿತ್ತು. ಅದಕ್ಕೆ ಇನ್ನೂ ಜಾಸ್ತಿ ಬಿಸಿ ಬೇಕು, ಮನೆಯಲ್ಲಿ ಪ್ಲಾಸ್ಟಿಕ್ ಕಾಯಿಸುವ ಉಸಾಬರಿ ಯಾರಿಗೂ ಬೇಡ. ಚಮಚದಿಂದ ಎತ್ತಿ ಒರೆಸಿ ಅವನಿಗೇ ವಾಪಸ್ ಕೊಟ್ಟೆ.

ಅಚ್ಚಿನ ಒಳಗೆ ತೆಂಗಿನೆಣ್ಣೆ ಸವರಿ, ಎರಡು ಹೋಳು ಮುಚ್ಚಿ, ರಬ್ಬರ್ ಬ್ಯಾಂಡ್ ಬಿಗಿದು, ಚೂಪು ತುದಿ ಕೆಳಗಾಗಿ ಒಂದು ಲೋಟದೊಳಗೆ ನಿಲ್ಲಿಸಿದೆ. ಬಣ್ಣ ಹೊಯ್ದಾಗ ಸಂದಿನಿಂದ ಸಣ್ಣಗೆ ಸೋರಿತು. ಆದರೆ ಹೊರಗೆ ಬಂದ ಮೇಣ ತಣ್ಣನೆಯ ಲೋಹ ಮುಟ್ಟಿ ಅಲ್ಲೇ ಗಟ್ಟಿಯಾಗಿ ಸಂದನ್ನು ತಾನೇ ಮುಚ್ಚಿತು. ಸ್ವಲ್ಪ ಹೊತ್ತಿಗೆ ಮೇಲ್ಭಾಗದ ನಡುವೆ ಕುಳಿ ಬಿತ್ತು. ಮೇಣ ತಣಿಯುವಾಗ ಕುಗ್ಗುತ್ತದೆ, ಅದಕ್ಕೆ. ಆ ಕುಳಿಗೆ ಇನ್ನೊಂದು ಚಮಚ ಬಿಸಿ ಮೇಣ ಹಾಕಿ ಸಮ ಮಾಡಿದೆ. ಕುಗ್ಗುವುದರಿಂದ ಒಂದು ಲಾಭವೂ ಇದೆ: ಪೂರ್ತಿ ಆರಿದ ಮೇಲೆ ಅಚ್ಚಿಗೆ ಅಂಟಿ ಕೂರುವುದಿಲ್ಲ. ಅವಸರದಲ್ಲಿ ತೆಗೆದರೆ ಮಾತ್ರ ತುದಿ ಒಳಗೇ ಉಳಿಯುತ್ತದೆ. ಇರುವುದು ಒಂದೇ ಅಚ್ಚು, ಪ್ರತಿ ಸಲ ಕಾಯಬೇಕು. ಮಕ್ಕಳು ಸರದಿ ಹಿಡಿದು ಲೋಟವನ್ನು ತಣ್ಣೀರಿನ ಬಟ್ಟಲಲ್ಲಿ ಇಟ್ಟುಕೊಂಡು ಕಾಯುತ್ತಾ ಕೂತಿದ್ದರು.

ಅಚ್ಚು ಬಿಡಿಸಿದಾಗ ಮೋದಕದ ಮಡಿಕೆಗಳೆಲ್ಲ ಅಚ್ಚುಕಟ್ಟಾಗಿ ಮೂಡಿದ್ದವು. ತುದಿ ಗಾಢ, ಬುಡ ಮಾಸಲು. ಕ್ರೇಯಾನಿನಲ್ಲಿ ಬರೀ ಮೇಣ, ಬಣ್ಣ ಇರುವುದಿಲ್ಲ, ಮೈ ಬರಲು ಸುಣ್ಣದಂಥ ಪುಡಿಯನ್ನೂ ಸೇರಿಸಿರುತ್ತಾರೆ. ಮೇಣ ನೀರಾಗಿದ್ದಾಗ ಬಣ್ಣದ ಪುಡಿಯೂ ಈ ಪುಡಿಯೂ ಭಾರಕ್ಕೆ ಕೆಳಗೆ ಇಳಿಯುತ್ತವೆ, ಮೇಲೆ ಬರೀ ಮೇಣ ಉಳಿಯುತ್ತದೆ. ಚಪ್ಪಟೆ ಅಚ್ಚಿನಲ್ಲಿ ಮಾಡಿದರೆ ಒಂದು ಮಗ್ಗುಲು ಬಣ್ಣವನ್ನೇ ಬಿಡುವುದಿಲ್ಲ. ಹೊಯ್ಯುವ ಮೊದಲು ಚೆನ್ನಾಗಿ ಕಲಕಿ, ಸ್ವಲ್ಪ ಮಂದವಾದ ಮೇಲೆ ಹೊಯ್ದರೆ ಇದು ಕಡಿಮೆಯಾಗುತ್ತದೆ. ನಮ್ಮ ಮೋದಕದಲ್ಲಿ ತುದಿಯೇ ಕೆಳಗಿದ್ದದ್ದರಿಂದ ಬಣ್ಣವೆಲ್ಲ ಬರೆಯುವ ಕಡೆಗೇ ಸೇರಿತ್ತು.

ತುದಿಯಿಂದ ಬರೆಯುವುದು ಮಕ್ಕಳಿಗೆ ಎರಡು ನಿಮಿಷದಲ್ಲಿ ಸಾಕಾಯಿತು. ನನ್ನ ಮಗಳು ಅದನ್ನು ಅಡ್ಡ ಮಲಗಿಸಿ ಉಜ್ಜಿದಳು. ಮಡಿಕೆಯ ಏಣುಗಳು ಮಾತ್ರ ಕಾಗದ ಮುಟ್ಟಿ, ಒಂದೇ ಎಳೆತಕ್ಕೆ ನಾಲ್ಕೈದು ಗೆರೆ ಬಿದ್ದವು. "ಮಳೆ!" ಅಂದಳು. ಆಮೇಲೆ ಎಲ್ಲರ ಚಿತ್ರದಲ್ಲೂ ಮಳೆಯೇ. ಬಾಲವಾಡಿಯವಳ ಪುಟ್ಟ ಮುಷ್ಟಿಗೆ ಈ ದಪ್ಪ ಕ್ರೇಯಾನ್ ಸರಿಯಾಗಿ ಕೂತಿತು, ತೆಳ್ಳನೆಯದನ್ನು ಅವಳು ಒತ್ತಿ ಮುರಿಯುತ್ತಾಳೆ. ಆದರೆ ನೋಡಲು ತಿಂಡಿಯ ಹಾಗೇ ಇರುವುದರಿಂದ ಇದನ್ನು ತೀರಾ ಸಣ್ಣ ಮಕ್ಕಳ ಕೈಗೆ ಕೊಟ್ಟು ಸುಮ್ನೆ ಬಿಡಬೇಡಿ. ಅಂಥವರಿದ್ದ ಮನೆಯಲ್ಲಿ ನಕ್ಷತ್ರವೋ ಎಲೆಯೋ ಬೇರೆ ಯಾವ ಆಕಾರವಾದರೂ ಆದೀತು.

ಕೆಲಸ ಮುಗಿದ ಮೇಲೆ ಲೋಟದಲ್ಲಿ ಉಳಿದ ಮೇಣವನ್ನು ಸಿಂಕಿಗೆ ಸುರಿಯಬಾರದು. ಪೈಪಿನೊಳಗೆ ಗಟ್ಟಿಯಾಗಿ ಕೂತರೆ ಪ್ಲಂಬರನ್ನೇ ಕರೆಯಬೇಕಾದೀತು. ಬಿಸಿ ಇರುವಾಗಲೇ ಪೇಪರಿನಿಂದ ಒರೆಸಿದರೆ ಆಯಿತು.

ಆಯಿಲ್ ಪೇಸ್ಟಲ್ ಪುಡಿಯನ್ನು ಕರಗಿಸಲು ಹೋಗಲಿಲ್ಲ, ಅದು ಆರಿದರೂ ಜಿಡ್ಡಾಗಿಯೇ ಉಳಿಯುತ್ತದೆ. ಅದನ್ನು ತಟ್ಟೆಯಲ್ಲಿ ಇಟ್ಟು, ಕಡ್ಡಿಗೆ ಹತ್ತಿ ಸುತ್ತಿ, ತೆಂಗಿನೆಣ್ಣೆಗೆ ಅದ್ದಿ ಉಜ್ಜಿದರೆ ಪೇಂಟಿನ ಹಾಗೆ ಹರಡುತ್ತದೆ. ಕಾಗದದ ಹಿಂಬದಿಗೆ ಎಣ್ಣೆ ಇಳಿಯುತ್ತದೆ, ಅಷ್ಟೇ ತೊಂದರೆ.

ಒಣಗಿದ ಸ್ಕೆಚ್ ಪೆನ್ನು ಸಾಯುವುದು ಬಣ್ಣ ಮುಗಿದು ಅಲ್ಲ, ನೀರು ಆರಿ. ಬಣ್ಣ ಒಳಗಿನ ನಾರಿನಲ್ಲಿ ಹಾಗೇ ಇರುತ್ತದೆ. ಹಿಂದಿನ ಬೂಚು ಇಕ್ಕಳದಲ್ಲಿ ಎಳೆದು, ಒಳಗಿನ ಮೆತ್ತನೆಯ ಬತ್ತಿ ತೆಗೆದು, ಹಳೆ ಔಷಧಿ ಬಾಟಲಿಯ ನೀರಿನಲ್ಲಿ ಮುಳುಗಿಸಿ ಇಟ್ಟೆವು. ಒಂದೇ ಬಣ್ಣದ ಬತ್ತಿ ಮೂರು ನಾಲ್ಕು ಇದ್ದರೆ, ನೀರು ಕಮ್ಮಿ ಇದ್ದರೆ ಬಣ್ಣ ಗಟ್ಟಿ ಬರುತ್ತದೆ. ಮರುದಿನಕ್ಕೆ ಒಳ್ಳೆಯ ವಾಟರ್ ಕಲರ್ ತಯಾರು. ಪರ್ಮನೆಂಟ್ ಮಾರ್ಕರಿಗೆ ಇದು ನಡೆಯುವುದಿಲ್ಲ, ಅದು ನೀರಿನ ಶಾಯಿಯಲ್ಲ. ಕೈಗೆ ಹತ್ತಿದ ಬಣ್ಣ ಎರಡು ದಿನ ಹೋಗಲಿಲ್ಲ, ಶಾಲೆಯಲ್ಲಿ ಕೇಳಿದರಂತೆ.

ಕಪ್ಪು ಪೆನ್ನಿನ ಬತ್ತಿಯಿಂದ ಒಂದು ಆಟವೂ ಆಯಿತು. ಸೀಮೆಸುಣ್ಣದ ಬುಡದಿಂದ ಸ್ವಲ್ಪ ಮೇಲೆ ಕಪ್ಪು ಗೆರೆ ಸುತ್ತಿ, ಬುಡ ಮಾತ್ರ ಮುಳುಗುವ ಹಾಗೆ ನೀರಿನ ಬಟ್ಟಲಲ್ಲಿ ನಿಲ್ಲಿಸಿದೆ. ನೀರು ಮೇಲೇರಿದ ಹಾಗೆ ಕಪ್ಪು ಒಡೆದು ನೇರಳೆ, ನೀಲಿ, ಹಳದಿ ಬೇರೆ ಬೇರೆ ಎತ್ತರಕ್ಕೆ ಹೋಗಿ ನಿಂತವು. ಹಲವು ಬಣ್ಣ ಬೆರೆಸಿ ಕಪ್ಪು ಮಾಡಿರುತ್ತಾರೆ. ನೀರಿನ ಜೊತೆ ಕೆಲವು ಬೇಗ ಓಡುತ್ತವೆ, ಕೆಲವು ಸೀಮೆಸುಣ್ಣಕ್ಕೆ ಅಂಟಿ ಹಿಂದೆ ಬೀಳುತ್ತವೆ. ಬೇರೆ ಬೇರೆ ಕಂಪನಿಯ ಕಪ್ಪು ಬೇರೆ ಬೇರೆ ರೀತಿ ಒಡೆಯಿತು. ಕಾಮನಬಿಲ್ಲು ಕೇಳಿದವರಿಗೆ ಅದು ಇಲ್ಲಿ ಸಿಕ್ಕಿತು.

ಬಿಳಿ ಕ್ರೇಯಾನುಗಳನ್ನು ಪೂರ್ತಿ ಕರಗಿಸದೆ ಉಳಿಸಿಕೊಂಡದ್ದು ಮುಂದಿನ ಭಾನುವಾರಕ್ಕೆ. ಬಿಳಿ ಹಾಳೆಯ ಮೇಲೆ ಬಿಳಿ ಕ್ರೇಯಾನಿನಲ್ಲಿ ಕನ್ನಡದಲ್ಲಿ ಗುಪ್ತ ಪತ್ರ ಬರೆಯಿರಿ ಅಂದೆ. ಒತ್ತಿ ಬರೆಯಬೇಕು, ಬರೆದದ್ದು ಕಾಣುವುದಿಲ್ಲ. ಆಮೇಲೆ ಪತ್ರ ಬೇರೆಯವರ ಕೈಗೆ. ಅವರು ಸ್ಕೆಚ್ ಪೆನ್ನಿನ ನೀರನ್ನು ಬ್ರಷ್ಷಿನಿಂದ ಬಳಿಯಬೇಕು. ಮೇಣ ಇದ್ದ ಕಡೆ ನೀರು ನಿಲ್ಲದೆ ಸರಿಯುತ್ತದೆ, ಅಕ್ಷರ ಬಿಳಿಯಾಗಿ ಎದ್ದು ಬರುತ್ತದೆ. ಕಾಗುಣಿತ ಬರೆಯಿರಿ ಅಂದರೆ ಹೊಟ್ಟೆನೋವು ಅನ್ನುವ ಹುಡುಗ ಅವತ್ತು ಮೂರು ಹಾಳೆ ತುಂಬಿಸಿದ. ಒಂದನ್ನು ಅತ್ತೆಗೆ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು, ನೀಲಿ ಬಳಿದು, ನಿಧಾನ ಓದಿದರು: "ಅಜಿ ಬನಸ್ ಬೇಕು." ಒತ್ತಕ್ಷರ ಕೈಕೊಟ್ಟಿತ್ತು, ಅರ್ಥ ಕೈಕೊಟ್ಟಿರಲಿಲ್ಲ: ಬಾಳೆಹಣ್ಣು ಕಲಸಿ ಕರಿಯುವ ಕರಾವಳಿಯ ಬನ್ಸ್ ಬೇಕಿತ್ತು ಅವನಿಗೆ. "ಬಾಳೆಹಣ್ಣು ಹಣ್ಣಾಗಲಿ ಮಗ, ಮಾಡುವ" ಅಂದರು.

ಕ್ರೇಯಾನ್ ಹಂಚಿಕೊಂಡ ಮೇಲೆ ಮಿಕ್ಕದ್ದನ್ನು ಯಾರಿಗಾದರೂ ಬಡ ಮಕ್ಕಳಿಗೆ ಕೊಡೋಣ ಅಂತ ಒಬ್ಬರು ಅಮ್ಮ ಹೇಳಿದರು. ಮಿಕ್ಕದ್ದು ಅಂದರೆ ಯಾರಿಗೂ ಬೇಡದ್ದು. ಅದನ್ನು ಕೊಡುವುದು ನನಗೆ ಸರಿ ಕಾಣಲಿಲ್ಲ. ಎಲ್ಲರ ಪಾಲಿನಿಂದ ಚೆನ್ನಾಗಿ ಬಂದ ಒಂದೊಂದು ಮೋದಕ ಎತ್ತಿ, ಖಾಲಿ ಮಿಠಾಯಿ ಡಬ್ಬಿಯಲ್ಲಿಟ್ಟು, ಒಂದು ಹೊಸ ಡ್ರಾಯಿಂಗ್ ಪುಸ್ತಕದ ಜೊತೆ ನಮ್ಮ ವಾಚ್‌ಮನ್ನನ ಮಗಳಿಗೆ ಕೊಟ್ಟೆವು. ಚಹಾ ಬಣ್ಣದ್ದನ್ನು ಬಿಟ್ಟುಕೊಡಲು ನನ್ನ ಮಗಳು ಬಹಳ ಹೊತ್ತು ಯೋಚನೆ ಮಾಡಿದಳು.

ಕೊನೆಗೆ ಚಾದರದ ಮೇಲೆ ಉಳಿದದ್ದು ಪ್ಲಾಸ್ಟಿಕ್ ಕ್ರೇಯಾನಿನ ತುಂಡು, ಪೆನ್ಸಿಲಿನ ತುಂಡು ಮತ್ತು ಸ್ಕೆಚ್ ಪೆನ್ನುಗಳ ಖಾಲಿ ಕೊಳವೆ. ಕೊಳವೆಗಳನ್ನು ಒಣ ಕಸಕ್ಕೆ ಹಾಕಲು ಚೀಲ ತಂದೆ. ಅಷ್ಟರಲ್ಲಿ ಮೇಲಿನ ಮನೆಯವನು ಒಂದು ಕೊಳವೆಯ ಹಿಂಬದಿಗೆ ಪೆನ್ಸಿಲ್ ತುಂಡು ತುರುಕಿ ಬರೆಯುತ್ತಿದ್ದ. ಹಿಡಿಯಲು ಆಗದಷ್ಟು ಗಿಡ್ಡ ಪೆನ್ಸಿಲಿಗೆ ಉದ್ದನೆಯ ಹಿಡಿ. ಕೆಲವು ಸರಿಯಾಗಿ ಕೂತವು. ಸಡಿಲವಾದದ್ದಕ್ಕೆ ಕ್ರೇಯಾನಿನಿಂದ ಬಿಡಿಸಿದ ಪೇಪರ್ ಸುತ್ತಿದ. ಅವನ ಪ್ಲಾಸ್ಟಿಕ್ ತುಂಡುಗಳು ದಪ್ಪ, ಒಳಗೆ ಹೋಗಲಿಲ್ಲ. ಅದಕ್ಕೆ ಬುಡವನ್ನು ಶಾರ್ಪನರಿನಲ್ಲಿ ಹೆರೆದು ಸಣ್ಣ ಮಾಡಿಕೊಂಡ. ಈಗ ಪ್ರತಿ ಭಾನುವಾರ ಬರುವಾಗ ಮಹಡಿ ಮಹಡಿಯ ಬಾಗಿಲು ತಟ್ಟಿ, ಒಣಗಿದ ಸ್ಕೆಚ್ ಪೆನ್ನು ಇದೆಯಾ ಅಂತ ಮರಾಠಿಯಲ್ಲಿ ಕೇಳಿಕೊಂಡು ಬರುತ್ತಾನೆ.